ಆಸ್ತಿ ಮುಂದಿನ ತಲೆಮಾರಿಗೆ: ದಾವಣಗೆರೆ ಸೀಮೆಯ ಕುಟುಂಬಗಳಿಗೆ ಉಯಿಲು, ದಾನಪತ್ರ, ಟ್ರಸ್ಟ್ ಮತ್ತು ತೆರಿಗೆಯ ಸಮಗ್ರ ಮಾರ್ಗದರ್ಶಿ

"ಆಸ್ತೀನ ಮಕ್ಕಳ ಹೆಸರಿಗೆ ಮಾಡ್ಬೇಕು, ಟ್ಯಾಕ್ಸ್ ಎಷ್ಟು ಬೀಳುತ್ತೆ?" ದಾವಣಗೆರೆಯಲ್ಲಿ ಈ ವಿಷಯದ ಮಾತು ಬಹುತೇಕ ಇಲ್ಲಿಂದಲೇ ಶುರುವಾಗುತ್ತದೆ. ಇದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದದ್ದು ಆಸ್ತಿ ನಿಜಕ್ಕೂ ಯಾರದು ಎಂದು. ಎರಡನೆಯದು, ಯಾರಿಗೆ, ಯಾವಾಗ, ಯಾವ ಷರತ್ತಿನ ಮೇಲೆ ಹೋಗಬೇಕು ಎಂದು. ಇವೆರಡೂ ಇತ್ಯರ್ಥವಾದ ಮೇಲೆ ತೆರಿಗೆಯ ಲೆಕ್ಕ ಅರ್ಧ ದಿನದ ಕೆಲಸ. ಕ್ರಮ ತಿರುಗುಮುರುಗಾದರೆ ಉಳಿಸಿದ ತೆರಿಗೆಗಿಂತ ದೊಡ್ಡ ಮೊತ್ತ ಸಿವಿಲ್ ಕೋರ್ಟಿನಲ್ಲಿ ಕರಗುತ್ತದೆ, ಅಣ್ಣತಮ್ಮಂದಿರ ಮಾತುಕತೆಯೂ ನಿಂತುಹೋಗುತ್ತದೆ.

ಒಂದು ಭಯವನ್ನು ಈಗಲೇ ಕಳೆದುಕೊಳ್ಳಿ. ಸತ್ತವರ ಆಸ್ತಿಯ ಮೇಲೆ ಇವತ್ತು ನಮ್ಮ ದೇಶದಲ್ಲಿ ತೆರಿಗೆ ಇಲ್ಲ. 1953ರಲ್ಲಿ ಬಂದ ಎಸ್ಟೇಟ್ ಡ್ಯೂಟಿ 1985ರಲ್ಲಿ ಹೋಯಿತು. ಕೊಡುವವರ ಮೇಲಿದ್ದ ಗಿಫ್ಟ್ ಟ್ಯಾಕ್ಸ್ 1998ರಲ್ಲಿ, ಸಂಪತ್ತು ತೆರಿಗೆ 2015ರಲ್ಲಿ ರದ್ದಾದವು. ಮುಖ್ಯವಾಗಿ ಉಳಿದಿರುವುದು ಎರಡು: ಆಸ್ತಿಯಿಂದ ವರ್ಷವರ್ಷ ಬರುವ ಆದಾಯದ ಮೇಲಿನ ತೆರಿಗೆ, ಮುಂದೆ ಮಾರಿದಾಗ ಬರುವ ಲಾಭದ ಮೇಲಿನ ತೆರಿಗೆ.

ವಿವರಣೆಗೆ ಒಂದು ಕಲ್ಪಿತ ಕುಟುಂಬ ಇಟ್ಟುಕೊಳ್ಳೋಣ. ಯಜಮಾನರಿಗೆ 68. ಎಪಿಎಂಸಿಯಲ್ಲಿ ದಲಾಲಿ ಮಂಡಿ, ಪಿ.ಜೆ. ಬಡಾವಣೆಯಲ್ಲಿ ಮನೆ, ಭದ್ರಾ ನಾಲೆ ಕೆಳಗೆ ತಾತನ ಕಾಲದ ಗದ್ದೆ, ಚನ್ನಗಿರಿ ಕಡೆ ತಾವೇ ಕೊಂಡ ಅಡಿಕೆ ತೋಟ, ಬ್ಯಾಂಕಿನಲ್ಲಿ ಠೇವಣಿ. ದೊಡ್ಡ ಮಗ ಮಂಡಿ ನೋಡಿಕೊಳ್ಳುತ್ತಾನೆ. ಮಗಳ ಮದುವೆಯಾಗಿದೆ, ಶಿವಮೊಗ್ಗದಲ್ಲಿದ್ದಾಳೆ. ಎರಡನೇ ಮಗ ಅಮೆರಿಕದಲ್ಲಿ. ಕೊನೆಯ ಮಗನಿಗೆ ಬೌದ್ಧಿಕ ಅಂಗವೈಕಲ್ಯ, ತನ್ನ ವ್ಯವಹಾರ ತಾನು ನೋಡಿಕೊಳ್ಳಲಾರ.

ಹಂತ 1: ಕಾಗದ ಕೂಡಿಸಿ

ಪ್ರತಿ ಆಸ್ತಿಗೂ ಒಂದೊಂದು ಕಡತ ಮಾಡಿ. ಜಮೀನಾದರೆ ಪಹಣಿ, ಮ್ಯುಟೇಷನ್ ಪ್ರತಿ, ಹಳೆಯ ಪಾಲುಪಟ್ಟಿ, ಕ್ರಯಪತ್ರ, ಪೋಡಿ (ಸರ್ವೆ ನಂಬರಿನ ವಿಂಗಡಣೆ) ಆಗಿದ್ದರೆ ಅದರ ನಕ್ಷೆ. ಮನೆ, ಸೈಟಾದರೆ ಮೂಲಪತ್ರ, ಪಾಲಿಕೆಯ ಇ-ಖಾತಾ ಅಥವಾ ಪಂಚಾಯಿತಿಯ ಇ-ಸ್ವತ್ತು, ಕಂದಾಯ ರಸೀದಿ. ಎಲ್ಲದಕ್ಕೂ ಋಣಭಾರ ಪತ್ರ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು.

ನಮ್ಮ ಜಿಲ್ಲೆಯವರು ಗಮನಿಸಬೇಕಾದ ಒಂದು ಸಂಗತಿ ಇದೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿದ್ದವು. ಹರಪನಹಳ್ಳಿ ಬಳ್ಳಾರಿಯಿಂದ ಬಂದು 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ತಾತನ ಕಾಲದ ದಾಖಲೆ ಸಿಗಲಿಲ್ಲ ಎಂದು ಕೈಚೆಲ್ಲುವ ಮುನ್ನ ಹಳೇ ಜಿಲ್ಲೆಯ ಕಡೆಯೂ ಹುಡುಕಿಸಿ.

ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇದ್ದರೆ ಮುಂದಿನ ಯಾವ ಹಂತಕ್ಕೂ ಹೋಗಬೇಡಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯ ಮೂಲಕ ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದನ್ನು, ಮೊದಲು ಮಾಡಿಸಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಿಸುವ ಚಾಳಿ ನಮ್ಮಲ್ಲಿ ಇನ್ನೂ ಇದೆ. ಅದು ಸುಳ್ಳು ದಾಖಲೆ. ಅದರ ಮೇಲೆ ಕಟ್ಟಿದ ಪ್ರತಿಯೊಂದು ಪತ್ರವೂ ಮುಂದೊಂದು ದಿನ ಕೋರ್ಟಿನಲ್ಲಿ ಅಲುಗಾಡುತ್ತದೆ. ಇನ್ನೊಂದು ಮಾತು: ಖಾತೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ. ಖಾತೆ ಕಂದಾಯದ ಲೆಕ್ಕಕ್ಕೆ, ಹಕ್ಕು ಬರುವುದು ಪತ್ರದಿಂದ ಅಥವಾ ವಾರಸಿನಿಂದ.

ಹಂತ 2: ಯಾರದು ಯಾವುದು ಎಂದು ಬೇರ್ಪಡಿಸಿ

ಇಡೀ ಕೆಲಸದ ಬೇರು ಇಲ್ಲಿದೆ, ಅವಸರ ಮಾಡಬೇಡಿ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಪಿತ್ರಾರ್ಜಿತ, ಸ್ವಯಾರ್ಜಿತ, ಹೆಂಡತಿಯದು, ಸರ್ಕಾರದಿಂದ ಮಂಜೂರಾದದ್ದು.

ಪಿತ್ರಾರ್ಜಿತದಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. ಮಗಳಿಗೂ ಅಷ್ಟೇ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು, ಆದರೆ ಅಷ್ಟರಲ್ಲಿ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದವೂ ಹೋಯಿತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು: ಬದುಕಿರಬೇಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದ ಅಥವಾ ಕೋರ್ಟ್ ಡಿಕ್ರಿಯಿಂದ ಪಾಲಾಗಿದ್ದರೆ ಅದನ್ನು ಈ ಕಾನೂನು ಕೆದಕುವುದಿಲ್ಲ. "ಮದುವೆಗೆ ಚಿನ್ನ ಕೊಟ್ಟಿದ್ದೀವಲ್ಲ" ಎಂಬುದು ಮಗಳ ಹಕ್ಕು ಹೋಗಲು ಕಾರಣವಾಗದು. ಆಕೆ ಒಪ್ಪಿ ಬಿಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ಹಾಗೆ ಬಿಟ್ಟುಕೊಡುವ ಮುನ್ನ ಅದರ ಬೆಲೆ ಎಷ್ಟು ಎಂದು ಆಕೆಗೆ ತಿಳಿದಿರಬೇಕು, ಇದನ್ನು ನಾನು ಒತ್ತಿ ಹೇಳುತ್ತೇನೆ.

ಇಲ್ಲೇ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅಪ್ಪನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಅಲ್ಲ. ಅಪ್ಪ ದುಡಿದು ಕೊಂಡ ಆಸ್ತಿ, ಅವರು ಉಯಿಲು ಬರೆಯದೆ ತೀರಿಕೊಂಡಾಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗನಿಗೆ ಬಂದರೆ, ಅದು ಮಗನ ಸ್ವಂತದ್ದು. ಅದರಲ್ಲಿ ಮೊಮ್ಮಗನಿಗೆ ಹುಟ್ಟಿನ ಹಕ್ಕಿಲ್ಲ. ನಮ್ಮ ಯಜಮಾನರ ಲೆಕ್ಕಕ್ಕೆ ಬಂದರೆ, ತಾತನಿಂದ ಇಳಿದು ಪಾಲಿನಲ್ಲಿ ಬಂದ ನಾಲೆ ಗದ್ದೆ ಪಿತ್ರಾರ್ಜಿತ, ಅದರಲ್ಲಿ ಅವರ ಜೊತೆ ನಾಲ್ಕೂ ಮಕ್ಕಳು ಸಹಪಾಲುದಾರರು. ಉಯಿಲಿನಲ್ಲಿ ಅವರು ಬರೆಯಬಹುದಾದದ್ದು ತಮ್ಮ ಪಾಲನ್ನು ಮಾತ್ರ. ಮನೆ, ತೋಟ, ಠೇವಣಿ ಸ್ವಯಾರ್ಜಿತ, ಯಾರಿಗೆ ಬೇಕಾದರೂ ಬರೆಯಬಹುದು.

ಲಿಂಗಾಯತ, ವೀರಶೈವರಿಗೆ ಬೇರೆ ಕಾನೂನು ಇದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2ನೇ ಕಲಂ ಅವರನ್ನು ಹೆಸರು ಹಿಡಿದೇ ಸೇರಿಸಿದೆ. ಮುಸ್ಲಿಂ ಕುಟುಂಬಗಳ ದಾರಿ ಬೇರೆ: ಅಲ್ಲಿ ಹುಟ್ಟಿನ ಹಕ್ಕಿನ ಪಿತ್ರಾರ್ಜಿತ ಎಂಬುದಿಲ್ಲ, ವಾರಸುದಾರರ ಒಪ್ಪಿಗೆ ಇಲ್ಲದೆ ಉಯಿಲಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯಲಾಗದು, ಬದುಕಿದ್ದಾಗ ಕೊಡುವುದಾದರೆ ಹಿಬಾ.

ಹೆಂಡತಿಯ ಹೆಸರಿನ ಆಸ್ತಿ ಆಕೆಯದೇ, ಅದಕ್ಕೆ ಆಕೆಯೇ ಪ್ರತ್ಯೇಕ ಉಯಿಲು ಬರೆಯಬೇಕು. ಮಕ್ಕಳಿಲ್ಲದ ಹಿಂದೂ ಹೆಣ್ಣುಮಗಳು ಉಯಿಲು ಬರೆಯದೆ ತೀರಿಕೊಂಡರೆ ತವರಿನಿಂದ ವಾರಸಾಗಿ ಬಂದದ್ದು ತಂದೆಯ ವಾರಸುದಾರರಿಗೆ ಮರಳುತ್ತದೆ. ಆಕೆ ಸ್ವಂತ ದುಡಿದು ಗಳಿಸಿದ್ದು ಮಾತ್ರ, ಗಂಡನೂ ಇಲ್ಲದಿದ್ದರೆ, ಗಂಡನ ಕಡೆಯವರಿಗೆ ಹೋಗುತ್ತದೆ, ಆಕೆಯ ತಾಯಿಗಲ್ಲ. ಇದು ನ್ಯಾಯವೇ ಎಂಬ ಚರ್ಚೆ ಇದ್ದದ್ದೇ. ಒಂಟಿ ಹೆಣ್ಣುಮಕ್ಕಳು ಇವತ್ತೇ ಉಯಿಲು ಬರೆದರೆ ಆ ಚರ್ಚೆ ಅವರಿಗೆ ತಟ್ಟುವುದಿಲ್ಲ.

ಹಾಳೆಯ ನಾಲ್ಕನೇ ಕಾಲಂ, ಅಂದರೆ ಸರ್ಕಾರದಿಂದ ಮಂಜೂರಾದದ್ದನ್ನು, ಚಿತ್ರದುರ್ಗ, ಜಗಳೂರು, ಚಳ್ಳಕೆರೆ ಕಡೆಯವರು ಎಚ್ಚರದಿಂದ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ (ಇಂಥ ಜಮೀನುಗಳ ಪರಭಾರೆ ನಿಷೇಧಿಸುವ ರಾಜ್ಯದ ಕಾನೂನು) ಅನ್ವಯಿಸುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾರಾಟ, ದಾನ, ಅಡಮಾನ ಯಾವುದೂ ಊರ್ಜಿತವಲ್ಲ. ಕುಟುಂಬದೊಳಗಿನ ವಿಭಾಗ ಮತ್ತು ಉಯಿಲು ಈ ನಿಷೇಧದ ಹೊರಗಿವೆ. ಹಾಗಾಗಿ ಅಂಥ ಜಮೀನನ್ನು ಮಗನಿಗೆ ದಾನಪತ್ರ ಮಾಡಿಕೊಡುವ ಬದಲು ಪಾಲು ಅಥವಾ ಉಯಿಲಿನ ದಾರಿ ಹಿಡಿಯಿರಿ.

ಹಂತ 3: ನಾಮಿನಿ

ಬ್ಯಾಂಕ್, ವಿಮೆ, ಮ್ಯೂಚುವಲ್ ಫಂಡ್, ಡಿಮ್ಯಾಟ್ ಎಲ್ಲದರಲ್ಲೂ ನಾಮಿನಿ ಹಾಕಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ಹಾಕಬಹುದು. ಆದರೆ ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರೇ ಹೊರತು ಸಾಮಾನ್ಯವಾಗಿ ಒಡೆಯರಲ್ಲ. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಇದನ್ನೇ ಹೇಳಿತು. ವಿಮೆಯಲ್ಲಿ ಮಾತ್ರ, 2015ರ ತಿದ್ದುಪಡಿಯ ನಂತರ, ತಂದೆತಾಯಿ, ಗಂಡ, ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದ್ದೇ. ಉಯಿಲಿನಲ್ಲಿ ಒಬ್ಬರ ಹೆಸರು, ನಾಮಿನಿಯಲ್ಲಿ ಇನ್ನೊಬ್ಬರ ಹೆಸರು ಇಟ್ಟರೆ ಜಗಳಕ್ಕೆ ನೀವೇ ಆಹ್ವಾನ ಕೊಟ್ಟಂತೆ.

ಹಂತ 4: ಉಯಿಲೋ, ದಾನಪತ್ರವೋ, ಪಾಲುಪಟ್ಟಿಯೋ

ಪಿತ್ರಾರ್ಜಿತಕ್ಕೆ ಸರಿಯಾದದ್ದು ನೋಂದಾಯಿತ ವಿಭಾಗ ಪತ್ರ, ಎಲ್ಲ ಸಹಪಾಲುದಾರರ ಸಹಿಯೊಂದಿಗೆ. ಜಮೀನು ತುಂಡಾಗುವುದಾದರೆ 11ಇ ನಕ್ಷೆ (ಬೇರ್ಪಡುವ ಭಾಗವನ್ನು ಗುರುತಿಸುವ ಸರ್ವೆ ನಕ್ಷೆ) ಮೊದಲೇ ಮಾಡಿಸಿಟ್ಟುಕೊಳ್ಳಿ.

ಸ್ವಯಾರ್ಜಿತಕ್ಕೆ ನನ್ನ ಮೊದಲ ಆಯ್ಕೆ ಉಯಿಲು. ಕಾರಣ ಸರಳ: ಕೊನೆಯುಸಿರಿನವರೆಗೆ ಆಸ್ತಿ ನಿಮ್ಮದೇ, ಮನಸ್ಸು ಬದಲಾದರೆ ಬದಲಾಯಿಸಬಹುದು, ಬಿಳಿ ಹಾಳೆಯಲ್ಲಿ ಬರೆದರೂ ಆಗುತ್ತದೆ, ಮುದ್ರಾಂಕ ಶುಲ್ಕ ಇಲ್ಲ. ಕಾನೂನು ಕೇಳುವುದು ಬರೆದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಯಾರಿಗೂ ಗೊತ್ತಾಗಬಾರದು ಎಂದಿದ್ದರೆ ಮುದ್ರೆ ಹಾಕಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಠೇವಣಿ ಇಡುವ ಅವಕಾಶ 1908ರ ನೋಂದಣಿ ಕಾಯ್ದೆಯಲ್ಲೇ ಇದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ನಮ್ಮ ಭಾಗದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್, ಅಂದರೆ ಉಯಿಲು ನಿಜವೆಂದು ಕೋರ್ಟ್ ಕೊಡುವ ದೃಢೀಕರಣ, ಕಡ್ಡಾಯವಿಲ್ಲ.

ಉಯಿಲು ಕೋರ್ಟಿನಲ್ಲಿ ಬೀಳುವುದು ಹೆಚ್ಚಾಗಿ ಅನುಮಾನದ ಸನ್ನಿವೇಶಗಳಿಂದ. ಮೈಸೂರು ರಾಜ್ಯದಿಂದ ಸುಪ್ರೀಂ ಕೋರ್ಟಿಗೆ ಹೋದ 1950ರ ದಶಕದ ಪ್ರಕರಣವೊಂದು ಇವತ್ತಿಗೂ ಇದಕ್ಕೆ ಅಳತೆಗೋಲು. ಲಾಭ ಪಡೆಯುವವರೇ ಮುಂದೆ ನಿಂತು ಉಯಿಲು ಬರೆಸಿದ್ದರೆ ಆ ಅನುಮಾನ ಕಳೆಯುವ ಹೊಣೆ ಅವರ ಮೇಲೆಯೇ ಬೀಳುತ್ತದೆ. ಆದ್ದರಿಂದ ಪಾಲು ಪಡೆಯುವ ಮಗ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಬಾರದು, ಸಾಕ್ಷಿಯೂ ಆಗಬಾರದು. ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ, ಏಕೆಂದರೆ ಮುಂದೆ ಅವರಲ್ಲೊಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ವಯಸ್ಸಾಗಿದ್ದರೆ ನಿಮ್ಮನ್ನು ನೋಡುವ ವೈದ್ಯರನ್ನೇ ಒಬ್ಬ ಸಾಕ್ಷಿ ಮಾಡಿ. ಯಾರಿಗಾದರೂ ಕಡಿಮೆ ಕೊಡುವುದಾದರೆ ಕಾರಣವನ್ನು ಎರಡು ಸಾಲಿನಲ್ಲಿ ಬರೆಯಿರಿ. ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ ಬಿಡಬೇಡಿ. "ಇಲ್ಲಿ ಹೆಸರಿಸದ ನನ್ನ ಉಳಿದೆಲ್ಲ ಆಸ್ತಿ ಇಂಥವರಿಗೆ" ಎಂಬ ಸಾಲು, ಪಡೆಯುವವರು ನಿಮಗಿಂತ ಮೊದಲೇ ತೀರಿಕೊಂಡರೆ ಯಾರಿಗೆ ಎಂಬ ಸಾಲು, ಉಯಿಲನ್ನು ಜಾರಿಗೆ ತರುವವರ ಹೆಸರು, ಇವು ಮೂರೂ ಇರಲೇಬೇಕು.

ದಾನಪತ್ರ ಬದುಕಿದ್ದಾಗಲೇ ಹಕ್ಕನ್ನು ದಾಟಿಸುತ್ತದೆ. ಸ್ಥಿರಾಸ್ತಿಯಾದರೆ ನೋಂದಣಿ ಕಡ್ಡಾಯ. ಕರ್ನಾಟಕದಲ್ಲಿ ಹತ್ತಿರದ ಕುಟುಂಬದವರಿಗೆ ಕೊಡುವ ದಾನಕ್ಕೆ ಮುದ್ರಾಂಕ ಶುಲ್ಕ ಸಣ್ಣ ನಿಗದಿತ ಮೊತ್ತ. ಬೇರೆಯವರಿಗಾದರೆ ಬೆಲೆಯ ಮೇಲೆ ಶೇಕಡಾವಾರು. ಶುಲ್ಕ ಕಡಿಮೆ ಎಂಬ ಒಂದೇ ಕಾರಣಕ್ಕೆ ಇದ್ದ ಮನೆಯನ್ನೇ ಮಗನಿಗೆ ಬರೆದುಕೊಟ್ಟು, ಆಮೇಲೆ ಅದೇ ಮನೆಯಲ್ಲಿ ಅತಿಥಿಯಾಗಿ ಬದುಕುವ ತಂದೆತಾಯಿಗಳು ಈ ಊರಿನಲ್ಲಿ ಇದ್ದಾರೆ. ಇದ್ದ ಒಂದೇ ಮನೆಯನ್ನು ದಯವಿಟ್ಟು ದಾನ ಮಾಡಬೇಡಿ. ಮಾಡಲೇಬೇಕಾದರೆ ನಿಮಗೂ ನಿಮ್ಮ ಹೆಂಡತಿಗೂ ಜೀವನಪರ್ಯಂತ ವಾಸದ ಹಕ್ಕು ಉಳಿಸಿಕೊಳ್ಳಿ, ಪಡೆಯುವವರು ನಿಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಆ ಷರತ್ತು ಮುರಿದರೆ ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ನ್ಯಾಯಮಂಡಳಿ ದಾನವನ್ನೇ ರದ್ದು ಮಾಡಬಹುದು. ಷರತ್ತು ಬರೆಯದಿದ್ದರೆ ನಿಮ್ಮ ಕೈ ತುಂಬ ದುರ್ಬಲವಾಗುತ್ತದೆ.

ಅಮೆರಿಕದ ಮಗನ ವಿಷಯ ಬೇರೆ. ಅನಿವಾಸಿ ಭಾರತೀಯರು ಕೃಷಿ ಜಮೀನನ್ನು ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ; ವಾರಸಾಗಿ ಪಡೆಯಬಹುದು. ಅಡಿಕೆ ತೋಟ ಅವನಿಗೆ ಎಂದಿದ್ದರೆ ದಾನಪತ್ರ ನಡೆಯದು, ಉಯಿಲೇ ದಾರಿ.

ಹಂತ 5: ಟ್ರಸ್ಟ್ ಬೇಕೇ?

ಬಹುಪಾಲು ಮನೆಗಳಿಗೆ ಬೇಡ. ಮಗುವಿಗೆ ಅಂಗವೈಕಲ್ಯ ಇದ್ದಾಗ, ವಾರಸುದಾರರು ಅಪ್ರಾಪ್ತರಾದಾಗ, ಅಥವಾ ಹಣ ಕೈಗೆ ಸಿಕ್ಕರೆ ಉಳಿಯದು ಎಂಬ ಖಾತ್ರಿ ಇದ್ದಾಗ ಮಾತ್ರ ಅದಕ್ಕೆ ಅರ್ಥವಿದೆ. ನಮ್ಮ ಕಲ್ಪಿತ ಯಜಮಾನರಿಗೆ ಕೊನೆಯ ಮಗನ ಸಲುವಾಗಿ ಬೇಕೇ ಬೇಕು.

1882ರ ಭಾರತೀಯ ಟ್ರಸ್ಟ್ ಕಾಯ್ದೆಯಡಿ ಖಾಸಗಿ ಟ್ರಸ್ಟಿನಲ್ಲಿ ಮೂರು ಪಾತ್ರ: ಆಸ್ತಿ ಇಡುವವರು, ನಡೆಸುವ ಟ್ರಸ್ಟಿಗಳು, ಫಲಾನುಭವಿ. ಸ್ಥಿರಾಸ್ತಿ ಇಟ್ಟರೆ ಪತ್ರ ನೋಂದಣಿಯಾಗಬೇಕು, ಇಲ್ಲವೇ ಉಯಿಲಿನ ಮೂಲಕ ಟ್ರಸ್ಟ್ ಹುಟ್ಟಬೇಕು. ಕುಟುಂಬಕ್ಕೆ ಸಿಗುವ ಮುದ್ರಾಂಕ ರಿಯಾಯಿತಿ ಟ್ರಸ್ಟಿಗೂ ತಾನಾಗೇ ಸಿಗುತ್ತದೆ ಎಂದುಕೊಳ್ಳಬೇಡಿ. ಹಾಗಾಗಿ ಇಂಥ ಕಡೆ ನನ್ನ ಸಲಹೆ: ಈಗ ಸಣ್ಣ ಮೊತ್ತದ ಠೇವಣಿಯಿಂದ ಟ್ರಸ್ಟ್ ಶುರು ಮಾಡಿ, ಒಂದೆರಡು ವರ್ಷ ಅದು ಹೇಗೆ ನಡೆಯುತ್ತದೆ ಎಂದು ಕಣ್ಣಾರೆ ನೋಡಿ, ದೊಡ್ಡ ಆಸ್ತಿಯನ್ನು ಉಯಿಲಿನ ಮೂಲಕ ಅದಕ್ಕೆ ಸೇರಿಸಿ. ಕೃಷಿ ಜಮೀನನ್ನು ಟ್ರಸ್ಟಿಗೆ ಎಳೆಯಬೇಡಿ. ಠೇವಣಿ, ಬಾಡಿಗೆ ಮಳಿಗೆ ಸಾಕು.

ತೆರಿಗೆ ಇಲ್ಲಿ ಪತ್ರದ ಭಾಷೆಯ ಮೇಲೆ ನಿಂತಿದೆ. ಯಾರಿಗೆ ಎಷ್ಟು ಪಾಲು ಎಂದು ಖಚಿತವಾಗಿ ಬರೆದಿದ್ದರೆ ಅವರವರ ದರದಲ್ಲಿ ತೆರಿಗೆ. "ಟ್ರಸ್ಟಿಗಳಿಗೆ ಸರಿಕಂಡಂತೆ" ಎಂದು ಬಿಟ್ಟರೆ ಸಾಮಾನ್ಯವಾಗಿ ಇಡೀ ಆದಾಯಕ್ಕೆ ಗರಿಷ್ಠ ದರ. ಉಯಿಲಿನಿಂದ ಹುಟ್ಟಿದ ಏಕೈಕ ಟ್ರಸ್ಟಿನಂಥ ಕೆಲವಕ್ಕೆ ವಿನಾಯಿತಿ ಇದೆ. ವಾಪಸ್ ಪಡೆಯಬಹುದಾದ ಟ್ರಸ್ಟ್ ಮಾಡಿದರೆ ಆದಾಯ ನಿಮ್ಮದೇ ಎಂದು ಲೆಕ್ಕ. ಮಗನೊಬ್ಬನೇ ಫಲಾನುಭವಿ, ನೂರಕ್ಕೆ ನೂರು ಪಾಲು ಅವನದು ಎಂದು ಬರೆಸುವುದು ಇಂಥ ಕುಟುಂಬಕ್ಕೆ ಸರಿ. ಅವನ ನಂತರ ಉಳಿದದ್ದು ಯಾರಿಗೆ ಎಂಬುದನ್ನೂ ಬರೆಸಿ.

ಟ್ರಸ್ಟಿಗಳು ಮೂವರಿರಲಿ, ಅದರಲ್ಲಿ ಮಗಳು ಇರಲಿ, ಮನೆಯ ಹೊರಗಿನವರು ಒಬ್ಬರಿರಲಿ. ಟ್ರಸ್ಟ್ ಹಣ ನೋಡಿಕೊಳ್ಳುತ್ತದೆ, ಮಗನನ್ನಲ್ಲ. ಅದಕ್ಕಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಬೇಕು. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗೆ ಇದು ಅನ್ವಯ. 18 ದಾಟಿದ ಮೇಲೆ ಅಪ್ಪ ಅಮ್ಮನೂ ತಾನಾಗಿ ಪೋಷಕರಾಗಿ ಉಳಿಯುವುದಿಲ್ಲ, ಇದನ್ನು ಮುಂದೂಡಬೇಡಿ.

ಹಂತ 6: ಈಗ ತೆರಿಗೆ

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗದಲ್ಲಿ 2025ರ ಆದಾಯ ತೆರಿಗೆ ಕಾಯ್ದೆ ಬಂದಿದೆ. ಕಲಂ ಸಂಖ್ಯೆಗಳು ಬದಲಾದವು, ಇಲ್ಲಿ ಹೇಳುವ ತತ್ವಗಳು ಹಾಗೇ ಇವೆ.

ಉಯಿಲು ಅಥವಾ ವಾರಸಿನಿಂದ ಬಂದದ್ದಕ್ಕೆ ಪಡೆದವರಿಗೆ ತೆರಿಗೆ ಇಲ್ಲ. ಸಂಬಂಧಿಕರಿಂದ ಬಂದ ಉಡುಗೊರೆಗೂ ಇಲ್ಲ, ಮೊತ್ತ ಎಷ್ಟೇ ಇರಲಿ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ದಾಟಿದರೆ ಪೂರ್ತಿ ಮೊತ್ತಕ್ಕೆ ತೆರಿಗೆ. ಆದರೆ ಕಾನೂನಿನ ಸಂಬಂಧ ನಮ್ಮ ಬಳಗದ ಸಂಬಂಧದಂತೆ ಎರಡೂ ಕಡೆ ಓಡುವುದಿಲ್ಲ. ಚಿಕ್ಕಪ್ಪ ಅಣ್ಣನ ಮಗನಿಗೆ 10 ಲಕ್ಷ ಕೊಟ್ಟರೆ ತೆರಿಗೆ ಇಲ್ಲ. ಅದೇ ಅಣ್ಣನ ಮಗ ಚಿಕ್ಕಪ್ಪನಿಗೆ ಕೊಟ್ಟರೆ ಚಿಕ್ಕಪ್ಪ ತೆರಿಗೆ ಕಟ್ಟಬೇಕು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಪರಸ್ಪರ ಸಂಬಂಧಿಕರೇ ಅಲ್ಲ. ಕೊಡುವುದನ್ನು ಬ್ಯಾಂಕಿನ ಮೂಲಕವೇ ಕೊಡಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಹೆಂಡತಿಗೋ ಸೊಸೆಗೋ ಕೊಟ್ಟ ಹಣದ ಬಡ್ಡಿ ಕೊಟ್ಟವರ ಆದಾಯಕ್ಕೇ ಸೇರುತ್ತದೆ. ಅಪ್ರಾಪ್ತ ಮಕ್ಕಳದ್ದು ಹೆಚ್ಚು ಆದಾಯವಿರುವ ಪಾಲಕರಿಗೆ ಸೇರುತ್ತದೆ, ಅಂಗವೈಕಲ್ಯವಿರುವ ಮಗುವನ್ನು ಬಿಟ್ಟು. ವಯಸ್ಸಿಗೆ ಬಂದ ಮಕ್ಕಳು, ಮುಪ್ಪಿನ ತಂದೆತಾಯಿ, ಇವರಿಗೆ ಕೊಟ್ಟರೆ ಸೇರುವುದಿಲ್ಲ. ಸ್ವಂತ ಆದಾಯವಿಲ್ಲದ ತಾಯಿಯ ಹೆಸರಿನಲ್ಲಿ ಠೇವಣಿ ಇಡುವುದು ಕಾನೂನು ಒಪ್ಪುವ, ತಾಯಿಗೂ ಕೈತುಂಬ ಹಣ ಕೊಡುವ ದಾರಿ.

ಅವಿಭಕ್ತ ಕುಟುಂಬಕ್ಕೆ ಅಂದರೆ ಎಚ್‌ಯುಎಫ್‌ಗೆ ಬೇರೆ ಪ್ಯಾನ್, ಬೇರೆ ಮಿತಿ. 2025–26ರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ, ಆದರೆ ವ್ಯಕ್ತಿಗಳಿಗೆ 12 ಲಕ್ಷದವರೆಗೆ ಸಿಗುವ ರಿಬೇಟ್ (ತೆರಿಗೆ ಮನ್ನಾ) ಎಚ್‌ಯುಎಫ್‌ಗೆ ಸಿಗದು. ಸ್ವಂತ ದುಡಿಮೆಯನ್ನು ಅದಕ್ಕೆ ಹಾಕಿದರೆ ಆದಾಯ ನಿಮಗೇ ಮರಳಿ ಸೇರುತ್ತದೆ. ಒಮ್ಮೆ ಮಾಡಿದ ಎಚ್‌ಯುಎಫ್ ಅನ್ನು ಭಾಗಶಃ ಒಡೆದರೆ ತೆರಿಗೆ ಇಲಾಖೆ ಒಪ್ಪುವುದಿಲ್ಲ. ಈಗಾಗಲೇ ಪಿತ್ರಾರ್ಜಿತ ಬಾಡಿಗೆ ಆದಾಯ ಇದ್ದವರಿಗೆ ಅದು ಸರಿ. ತೆರಿಗೆ ಉಳಿಸಲೆಂದೇ ಹೊಸದಾಗಿ ಹುಟ್ಟಿಸುವುದರಲ್ಲಿ ನನಗೆ ಲಾಭ ಕಾಣುತ್ತಿಲ್ಲ.

ಮಾರಾಟದ ಲಾಭಕ್ಕೆ ಬರೋಣ. ವಾರಸಾಗಿ ಬಂದ ಆಸ್ತಿಗೆ ಹಿಂದಿನವರು ಕೊಟ್ಟ ಬೆಲೆಯೇ ನಿಮ್ಮ ಬೆಲೆ. 2001ರ ಏಪ್ರಿಲ್ 1ಕ್ಕೆ ಮೊದಲಿನದ್ದಾದರೆ ಆ ದಿನದ ಮಾರುಕಟ್ಟೆ ಬೆಲೆ ಹಿಡಿಯಬಹುದು, ಅಂದಿನ ನೋಂದಣಿ ಮಾರ್ಗಸೂಚಿ ಬೆಲೆ ಮೀರದಂತೆ. ವಿದ್ಯಾನಗರದ ಒಂದು ಸೈಟಿಗೆ ಆ ಬೆಲೆ 4 ಲಕ್ಷ, ಈಗ 64 ಲಕ್ಷಕ್ಕೆ ಮಾರಿದಿರಿ ಎನ್ನಿ. ಲಾಭ 60 ಲಕ್ಷ, ಶೇ 12.5ರಂತೆ 7.5 ಲಕ್ಷ, ಮೇಲೆ ಸೆಸ್. 2024ರ ಜುಲೈ 23ಕ್ಕೆ ಮೊದಲೇ ಕೈಗೆ ಬಂದ ಜಾಗ, ಮನೆಗೆ ನಿವಾಸಿಗಳು ಇಂಡೆಕ್ಸೇಷನ್ (ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆ ಏರಿಸಿ ಹಿಡಿಯುವುದು) ಜೊತೆ ಶೇ 20ರ ಲೆಕ್ಕವನ್ನೂ ಹಾಕಿ ಕಡಿಮೆ ಇರುವುದನ್ನು ಆಯ್ದುಕೊಳ್ಳಬಹುದು. ಅದೇ ಸೈಟನ್ನು ಮೂವರು ಒಡಹುಟ್ಟಿದವರು ವಾರಸಾಗಿ ಪಡೆದು ಒಟ್ಟಿಗೆ ಮಾರಿದರೆ ತಲಾ 20 ಲಕ್ಷ ಲಾಭ. ಮನೆ ಕೊಳ್ಳುವ ವಿನಾಯಿತಿ, ಆರು ತಿಂಗಳೊಳಗೆ ಸರ್ಕಾರ ಸೂಚಿಸಿದ ಬಾಂಡ್‌ಗಳಲ್ಲಿ 50 ಲಕ್ಷದವರೆಗೆ ಹಣ ತೊಡಗಿಸಿ ಪಡೆಯುವ ವಿನಾಯಿತಿ ಮೂವರಿಗೂ ಬೇರೆಬೇರೆಯಾಗಿ ಸಿಗುತ್ತವೆ.

ಜಮೀನಿನವರು ಮೊದಲು ದೂರ ಅಳೆಯಿರಿ. ಹಳ್ಳಿಯ ಕೃಷಿ ಜಮೀನು ಮಾರಿದರೆ ಈ ತೆರಿಗೆಯೇ ಇಲ್ಲ. ಹಳ್ಳಿಯದು ಎನಿಸಿಕೊಳ್ಳಲು, ಹತ್ತಿರದ ಪಟ್ಟಣದ ಜನಸಂಖ್ಯೆ 10,000ದಿಂದ 1 ಲಕ್ಷ ಇದ್ದರೆ ಅದರ ಆಡಳಿತದ ಗಡಿಯಿಂದ 2 ಕಿ.ಮೀ., 1ರಿಂದ 10 ಲಕ್ಷ ಇದ್ದರೆ 6 ಕಿ.ಮೀ. ಆಚೆ ಇರಬೇಕು, ಅದೂ ನೇರ ಗೆರೆಯ ದೂರ. 2011ರ ಜನಗಣತಿಯಂತೆ ದಾವಣಗೆರೆ, ಚಿತ್ರದುರ್ಗ ಎರಡಕ್ಕೂ 6 ಕಿ.ಮೀ., ಹರಿಹರಕ್ಕೆ 2. ಹೊಸ ಜನಗಣತಿಯ ಅಂಕಿ ಬಂದಾಗ ಇದು ಬದಲಾಗಬಹುದು. ಅಳತೆಯೊಳಗೆ ಬಿದ್ದರೂ, ಹಿಂದಿನ ಎರಡು ವರ್ಷ ನೀವೋ ನಿಮ್ಮ ತಂದೆತಾಯಿಯೋ ಸಾಗುವಳಿ ಮಾಡಿದ್ದರೆ, ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡು ವಿನಾಯಿತಿ ಪಡೆಯಬಹುದು. ಅದಕ್ಕೆ ಪಹಣಿಯಲ್ಲಿ ಬೆಳೆ ದಾಖಲಾಗಿರಬೇಕು, ಅಡಿಕೆ, ಭತ್ತ ಮಾರಿದ ಪಟ್ಟಿಗಳು ಇರಬೇಕು.

ಹಂತ 7: ಮಂಡಿ, ಮಿಲ್ಲು, ಅಂಗಡಿ

ಪಾಲುದಾರಿಕೆ ಸಂಸ್ಥೆಯಾದರೆ ಪತ್ರ ತೆಗೆದು ಒಂದು ಸಾಲು ಹುಡುಕಿ: ಪಾಲುದಾರರೊಬ್ಬರು ತೀರಿಕೊಂಡರೂ ಸಂಸ್ಥೆ ಮುಂದುವರಿಯುತ್ತದೆ ಎಂದು ಬರೆದಿದೆಯೇ? ಇಲ್ಲದಿದ್ದರೆ 1932ರ ಕಾಯ್ದೆಯ ಪ್ರಕಾರ ಅಂದೇ ವಿಸರ್ಜನೆ. ಇಬ್ಬರೇ ಪಾಲುದಾರರಿದ್ದರೆ ಆ ಸಾಲಿದ್ದರೂ ಉಪಯೋಗವಿಲ್ಲ, ಮೂರನೆಯವರನ್ನು ಈಗಲೇ ಸೇರಿಸಿ. ಒಬ್ಬರದೇ ವ್ಯಾಪಾರವಾದರೆ ಜಿಎಸ್‌ಟಿ ನೋಂದಣಿ ವಾರಸುದಾರರ ಹೆಸರಿನಲ್ಲಿ ಹೊಸದಾಗಿ ಆಗಬೇಕು, ಉಳಿದ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಜಮೆ) ಅನ್ನು ಐಟಿಸಿ-02 ನಮೂನೆಯಲ್ಲಿ ವರ್ಗಾಯಿಸಿಕೊಳ್ಳಬಹುದು.

ಹಂತ 8: ತೀರಿಕೊಂಡ ಮೇಲೆ ಮನೆಯವರು ಮಾಡಬೇಕಾದದ್ದು

ಮರಣವನ್ನು 21 ದಿನದೊಳಗೆ ನೋಂದಾಯಿಸಿ, ಪ್ರಮಾಣಪತ್ರದ ಹತ್ತಾರು ಪ್ರತಿ ತೆಗೆದಿಡಿ. ಎಟಿಎಂ ಕಾರ್ಡ್ ಬಳಸಿ ಹಣ ತೆಗೆಯಬೇಡಿ, ಅದು ಮುಂದೆ ಒಡಹುಟ್ಟಿದವರ ನಡುವೆ ದೊಡ್ಡ ಆರೋಪವಾಗಿ ನಿಲ್ಲುತ್ತದೆ. ತೆರಿಗೆ ತಾಣದಲ್ಲಿ ವಾರಸುದಾರರಾಗಿ ನೋಂದಾಯಿಸಿ, ಆ ವರ್ಷದ ಏಪ್ರಿಲ್ 1ರಿಂದ ಮರಣದ ದಿನದವರೆಗಿನ ರಿಟರ್ನ್ ಸಲ್ಲಿಸಿ. ಅಲ್ಲಿಂದ ಹಂಚಿಕೆಯಾಗುವವರೆಗಿನ ಆದಾಯವನ್ನು ಉಯಿಲಿನ ನಿರ್ವಾಹಕರು ಪ್ರತ್ಯೇಕವಾಗಿ ತೋರಿಸಬೇಕು. ಬಾಕಿ ತೆರಿಗೆಗೆ ವಾರಸುದಾರರ ಹೊಣೆ ಬಂದ ಆಸ್ತಿಯ ಮಿತಿಯಲ್ಲಿ ಮಾತ್ರ. ಮರೆತುಹೋದ ಠೇವಣಿ ಇದೆಯೇ ಎಂದು ರಿಸರ್ವ್ ಬ್ಯಾಂಕಿನ ಉದ್ಗಮ್ ತಾಣದಲ್ಲಿ ಹುಡುಕಿ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿದ್ದರೂ ವಾರಸುದಾರರು ಅದೇ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು.

ಉಯಿಲು ಇದ್ದರೆ ಅದರ ಪ್ರತಿಯೊಂದಿಗೆ, ಇಲ್ಲದಿದ್ದರೆ ವಂಶವೃಕ್ಷದೊಂದಿಗೆ, ಖಾತೆ ಬದಲಾವಣೆಗೆ ಆ ವರ್ಷದೊಳಗೇ ಅರ್ಜಿ ಹಾಕಿ. ಜಮೀನಿಗೆ ನಾಡಕಚೇರಿ, ನಗರದ ಮನೆಗೆ ಪಾಲಿಕೆ, ಹಳ್ಳಿಯ ಮನೆಗೆ ಪಂಚಾಯಿತಿ. ಸ್ವೀಕೃತಿ ಸಂಖ್ಯೆಯನ್ನು ಕಡತದ ಮೊದಲ ಹಾಳೆಯ ಮೇಲೆಯೇ ಬರೆದಿಟ್ಟು, ಮ್ಯುಟೇಷನ್ ಪ್ರತಿ ಕೈಗೆ ಬರುವವರೆಗೆ ಬೆನ್ನು ಹತ್ತಿ.